ಮೂರು ನದಿಗಳ ಊರಿನ ಹಾಡು

ಮಕ್ಕಳ ಅಟ್ಲಾಸ್ ಕೈಗೆ ಸಿಕ್ಕಾಗ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಪಶ್ಚಿಮ ಭಾಗವನ್ನೊಮ್ಮೆ ನೋಡಿ. ಅಲಿಗೇನಿ ಮತ್ತು ಮೊನಾಂಗಹೇಲಾ ಎಂಬ ಎರಡು ನದಿಗಳು ಕೂಡಿ ಒಹಾಯೋ ನದಿಯಾಗುವ ಜಾಗದಲ್ಲಿ ಪಿಟ್ಸ್‌ಬರ್ಗ್ ಎಂಬ ನಗರವಿದೆ. ಅದು ಉಕ್ಕಿನ ಊರೆಂದೇ ಹೆಸರಾಗಿತ್ತು. ಪೋಲೆಂಡ್, ಇಟಲಿಗಳಿಂದ ಬಂದವರು, ದಕ್ಷಿಣದ ರಾಜ್ಯಗಳಿಂದ ಬಂದ ಕಪ್ಪು ವರ್ಣೀಯರು, ಎಲ್ಲರೂ ಅಲ್ಲಿನ ಕುಲುಮೆಗಳ ಮುಂದೆ ಬೆವರು ಸುರಿಸಿದವರೇ.

ಈ ಊರಿಗೆ ಒಂದು ಹಾಡಿದೆ. ಅದರ ಹೆಸರು ‘ವಿ ಆರ್ ಫ್ಯಾಮಿಲಿ’, ಅಂದರೆ ನಾವೆಲ್ಲ ಒಂದೇ ಕುಟುಂಬ. ಸಂಗೀತದ ವಿಷಯದಲ್ಲಿ ವಿದ್ವಾಂಸರಲ್ಲಿ ಅಭಿಪ್ರಾಯ ಭೇದವಿದೆ, ಆ ಚರ್ಚೆ ಇಲ್ಲಿ ಬೇಡ. ಒಂದು ಊರು ಒಂದು ಮಾತನ್ನು ತನ್ನದಾಗಿಸಿಕೊಂಡ ಬಗೆಯನ್ನಷ್ಟೇ ನಿಮಗೆ ಹೇಳಬೇಕೆಂದಿದ್ದೇನೆ.

ಹಾಡು ಹುಟ್ಟಿದ್ದು ಆ ಊರಿನಲ್ಲಲ್ಲ. ಅದನ್ನು ಹಾಡಿದವರು ರಾಜ್ಯದ ಇನ್ನೊಂದು ತುದಿಯ ಫಿಲಡೆಲ್ಫಿಯಾದ ನಾಲ್ವರು ಅಕ್ಕತಂಗಿಯರು: ಡೆಬ್ಬಿ, ಜೋನಿ, ಕಿಮ್ ಮತ್ತು ಕ್ಯಾಥಿ. ‘ಸಿಸ್ಟರ್ ಸ್ಲೆಜ್’ ಎಂಬುದು ಅವರ ತಂಡದ ಹೆಸರು. ಬಾಲ್ಯದಲ್ಲಿ ಅವರಿಗೆ ಹಾಡು ಕಲಿಸಿದ್ದು ಸ್ವಂತ ಅಜ್ಜಿ. ಬರೆದವರು ನೈಲ್ ರಾಡ್ಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್. ಕಪ್ಪು ಜನರ ಚರ್ಚುಗಳ ಹಾಡಿನಿಂದ ಬೆಳೆದ ‘ಸೋಲ್’ ಸಂಗೀತದ ದನಿಗೆ ಅಂದಿನ ಡಿಸ್ಕೋ ತಾಳ ಸೇರಿಸಿದ ಹಾಡದು. ಹೊರಬಂದದ್ದು 1979ರಲ್ಲಿ.

ಅದೇ ವರ್ಷ ಪಿಟ್ಸ್‌ಬರ್ಗ್‌ನ ಬೇಸ್‌ಬಾಲ್ ತಂಡ ‘ಪೈರೇಟ್ಸ್’ಗೆ ವಿಲ್ಲಿ ಸ್ಟಾರ್ಜೆಲ್ ನಾಯಕ. ನಮ್ಮಲ್ಲಿ ಕ್ರಿಕೆಟ್ ಹೇಗೋ ಅಲ್ಲಿ ಬೇಸ್‌ಬಾಲ್ ಹಾಗೆ. ಸ್ಟಾರ್ಜೆಲ್ ಕಪ್ಪು ವರ್ಣೀಯ. ಆಟ ಕಲಿಯುತ್ತಿದ್ದ ಹರೆಯದಲ್ಲಿ ಬಿಳಿಯರ ಹೋಟೆಲುಗಳಲ್ಲಿ ಅವರಿಗೆ ಪ್ರವೇಶವಿರಲಿಲ್ಲ. ಟೆಕ್ಸಾಸ್‌ನಲ್ಲಿ ಒಬ್ಬಾತ ಬಂದೂಕು ತೋರಿಸಿ, ಮೈದಾನಕ್ಕಿಳಿದರೆ ಕೊಲ್ಲುತ್ತೇನೆಂದು ಬೆದರಿಸಿದ್ದ. ಅಂತಹ ಮನುಷ್ಯ ಬಿಳಿಯರು, ಕಪ್ಪು ವರ್ಣೀಯರು, ಸ್ಪ್ಯಾನಿಷ್ ಭಾಷಿಕರು ಎಲ್ಲರೂ ಇದ್ದ ತನ್ನ ತಂಡಕ್ಕೆ ಆರಿಸಿಕೊಂಡದ್ದು ಕುಟುಂಬದ ಹಾಡನ್ನು! ಮೂವತ್ತೊಂಬತ್ತರ ಅವರನ್ನು ಹುಡುಗರು ‘ಪಾಪ್ಸ್’, ಅಂದರೆ ಅಪ್ಪ ಎಂದೇ ಕರೆಯುತ್ತಿದ್ದರು. ಚೆನ್ನಾಗಿ ಆಡಿದವರ ಟೋಪಿಗೆ ಅಂಟಿಸಲು ಅವರು ಬಟ್ಟೆಯ ನಕ್ಷತ್ರ ಕೊಡುತ್ತಿದ್ದರು. ಮಕ್ಕಳ ನೋಟ್‌ಬುಕ್ಕಿನಲ್ಲಿ ಟೀಚರು ‘ಗುಡ್’ ಬರೆದಂತೆ. ದೊಡ್ಡವರೂ ಅದಕ್ಕಾಗಿ ಆಸೆಪಡುತ್ತಿದ್ದರಂತೆ.

ಆ ಅಕ್ಟೋಬರ್‌ನಲ್ಲಿ ತಂಡ ವರ್ಲ್ಡ್ ಸೀರೀಸ್ ಅಂತಿಮ ಹಣಾಹಣಿಗೆ ಇಳಿಯಿತು. ಏಳು ಪಂದ್ಯಗಳಲ್ಲಿ ನಾಲ್ಕನ್ನು ಮೊದಲು ಗೆದ್ದವರು ಚಾಂಪಿಯನ್. ಎದುರಾಳಿ ಬಾಲ್ಟಿಮೋರ್ ಆಗಲೇ ಮೂರು ಗೆದ್ದಿತ್ತು, ಪೈರೇಟ್ಸ್ ಒಂದೇ ಒಂದು. ಐದನೆಯ ಪಂದ್ಯದ ದಿನ ಬೆಳಿಗ್ಗೆ ತಂಡದ ಮ್ಯಾನೇಜರ್ ಚಕ್ ಟ್ಯಾನರ್ ಅವರ ತಾಯಿ ತೀರಿಕೊಂಡರು. ಅವರು ದುಃಖ ನುಂಗಿಕೊಂಡು ಮೈದಾನಕ್ಕೆ ಬಂದರು. ಹುಡುಗರು ಆ ಪಂದ್ಯ ಗೆದ್ದರು, ಮುಂದಿನದನ್ನೂ ಗೆದ್ದರು. ಅಕ್ಟೋಬರ್ 17ರ ಕೊನೆಯ ಪಂದ್ಯದಲ್ಲಿ ‘ಅಪ್ಪ’ನ ಹೊಡೆತವೇ ತಂಡವನ್ನು ಮುಂದೆ ತಂದಿತು. ಅಂದಿನಿಂದ ಆ ಹಾಡು ಅಕ್ಕತಂಗಿಯರದ್ದಷ್ಟೇ ಆಗಿ ಉಳಿಯಲಿಲ್ಲ, ಇಡೀ ಪಿಟ್ಸ್‌ಬರ್ಗಿನದ್ದಾಯಿತು.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಚೆಂದ. ಆದರೆ ಅದು ಪೂರ್ತಿ ಸತ್ಯವಾಗದು. ಮುಂದಿನ ವರ್ಷಗಳಲ್ಲಿ ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಹೆಸರಾಂತ ಹೋಮ್‌ಸ್ಟೆಡ್ ಕಾರ್ಖಾನೆಗೆ 1986ರಲ್ಲಿ ಬೀಗ ಬಿತ್ತು. ಸಾವಿರಾರು ಮನೆಗಳಲ್ಲಿ ದುಡಿಯುವ ಕೈಗಳು ಬರಿದಾದವು, ಮಕ್ಕಳು ಕೆಲಸ ಹುಡುಕಿ ಊರು ಬಿಟ್ಟರು. 1985ರಲ್ಲಿ ಅದೇ ನಗರದ ನ್ಯಾಯಾಲಯದಲ್ಲಿ ಕೊಕೇನ್ ಮಾರಾಟದ ವಿಚಾರಣೆ ನಡೆದಾಗ, 1979ರ ತಂಡದಲ್ಲಿದ್ದವರೂ ಸಾಕ್ಷಿಕಟ್ಟೆ ಏರಿ ತಾವು ಅದನ್ನು ಸೇವಿಸಿದ್ದನ್ನು ಒಪ್ಪಿಕೊಳ್ಳಬೇಕಾಯಿತು. ಒಂದೇ ಕುಟುಂಬ ಎಂದು ಹಾಡಿದ ಮಾತ್ರಕ್ಕೆ ಮನೆಯೊಳಗಿನ ಕೇಡು ದೂರವಾಗುವುದಿಲ್ಲ.

2001ರಲ್ಲಿ ಹಳೆಯ ಕ್ರೀಡಾಂಗಣವನ್ನು ಕೆಡವಿದರು. ಅಲಿಗೇನಿ ನದಿಯ ದಡದ ಹೊಸ ಮೈದಾನದ ಹೊರಗೆ ಏಪ್ರಿಲ್ 7ರಂದು ಸ್ಟಾರ್ಜೆಲ್‌ರ ಪ್ರತಿಮೆ ಅನಾವರಣಗೊಂಡಿತು. ಎರಡೇ ದಿನಗಳ ಬಳಿಕ, ಅಲ್ಲಿ ತಂಡದ ಮೊದಲ ಅಧಿಕೃತ ಪಂದ್ಯ ನಡೆದ ದಿನವೇ, ಅವರು ಕೊನೆಯುಸಿರೆಳೆದರು.

ಮತ್ತೂ ಒಂದು ದಿನವಿದೆ. 2018ರ ಅಕ್ಟೋಬರ್ 27. ಪಿಟ್ಸ್‌ಬರ್ಗ್‌ನ ಯಹೂದಿ ಪ್ರಾರ್ಥನಾಲಯಕ್ಕೆ ನುಗ್ಗಿದ ಬಂದೂಕುಧಾರಿಯೊಬ್ಬ ಪ್ರಾರ್ಥನೆಗೆ ಬಂದಿದ್ದ 11 ಮಂದಿಯನ್ನು ಕೊಂದ. ಆಗ ಅಮೆರಿಕದ ಮುಸ್ಲಿಮರು ಕೆಲವೇ ದಿನಗಳಲ್ಲಿ 2 ಲಕ್ಷ ಡಾಲರ್‌ಗಿಂತ ಹೆಚ್ಚು ಹಣ ಕೂಡಿಸಿ ಆ ಕುಟುಂಬಗಳಿಗೆಂದು ಕೊಟ್ಟರು. ನಗರದ ಇಸ್ಲಾಮಿಕ್ ಸೆಂಟರ್‌ನವರು, ಮುಂದಿನ ಪ್ರಾರ್ಥನೆಗೆ ಹೊರಗೆ ಕಾವಲು ಬೇಕಾದರೂ, ಅಂಗಡಿಗೆ ಹೋಗಲು ಜೊತೆ ಬೇಕಾದರೂ ತಿಳಿಸಿ, ನಾವು ಬರುತ್ತೇವೆ ಎಂದರು. ಅಂದು ಯಾರೂ ಆ ಹಾಡು ಹಾಡಬೇಕಾಗಿರಲಿಲ್ಲ. ಅದರ ಅರ್ಥವನ್ನು ಅವರು ಮಾಡಿ ತೋರಿಸಿದ್ದರು.

ವಿಶ್ವಾಸಿಗಳೆಲ್ಲ ಒಂದೇ ದೇಹದಂತೆ ಎಂದು ಪ್ರವಾದಿಯವರು(ಸ) ಕಲಿಸಿದ್ದನ್ನು ಮದ್ರಸದಲ್ಲಿ ನಾವೆಲ್ಲ ಬಾಯಿಪಾಠ ಮಾಡಿದವರು. ನೆರೆಯವರ ಹಕ್ಕಿನ ಬಗ್ಗೆ ಅವರು ಒತ್ತಿ ಹೇಳಿದಾಗ, ಆ ನೆರೆಯವರು ಯಾವ ಧರ್ಮದವರೆಂದು ಕೇಳಿರಲಿಲ್ಲ. ಮದುವೆ ಮನೆಯಲ್ಲಿ ಬಿರಿಯಾನಿ ಬಡಿಸುತ್ತಾ ‘ನೀವು ಬೇರೆಯವರಾ, ನಮ್ಮ ಮನೆಯವರೇ ಅಲ್ವಾ’ ಎನ್ನುವುದು ಸುಲಭ. ಪಕ್ಕದ ಮನೆಯ ತಾಯಿ ತೀರಿಕೊಂಡಾಗ, ಎದುರು ಮನೆಯವರ ಕೆಲಸ ಹೋದಾಗ, ಬೀದಿಯ ಹುಡುಗನೊಬ್ಬ ಮಾದಕ ವಸ್ತುವಿನ ಬೆನ್ನು ಹತ್ತಿದಾಗ ನಾವು ಆ ಮಾತು ಆಡುತ್ತೇವೆಯೇ? ಇಂದು ಅಸರ್ ನಮಾಝಿನ ಬಳಿಕ ಅಂತಹ ಒಂದು ಮನೆಯ ಬಾಗಿಲು ತಟ್ಟಿ ನೋಡಿ, ಸಹೋದರಿಯರೇ. ಕೈಯಲ್ಲಿ ಒಂದು ಡಬ್ಬಿ ಪತ್ತಿರ್ ಇದ್ದರೆ ಇನ್ನೂ ಒಳ್ಳೆಯದು.