ನೊಗಕ್ಕೆ ತಕ್ಕ ಜೋಡಿ

ಸಂತೆಯಲ್ಲಿ ಎತ್ತು ಕೊಳ್ಳುವವನಿಗೆ ಏನು ನೋಡಬೇಕೆಂಬುದು ಚೆನ್ನಾಗಿ ಗೊತ್ತು. ಬಾಯಿ ತೆರೆಸಿ ಹಲ್ಲು ಎಣಿಸುವನು, ಸುಳಿ ನೋಡುವನು, ನಾಲ್ಕು ಹೆಜ್ಜೆ ನಡೆಸಿ ಕಾಲಿನ ಬಲ ಅಳೆಯುವನು. ಕಂಪ್ಯೂಟರಿನ ಪ್ರೊಸೆಸರು ಕೊಳ್ಳುವವನಿಗೆ ಈ ಅನುಕೂಲವಿಲ್ಲ. ಅಂಗೈಯಲ್ಲಿ ಅಡಗುವ ಆ ಪುಟ್ಟ ಬಿಲ್ಲೆಗೆ ಹಲ್ಲೂ ಇಲ್ಲ, ಸುಳಿಯೂ ಇಲ್ಲ. ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿ ಅಕ್ಷರಗಳನ್ನು ಓದಿಯೇ ಅದರ ಗುಣಾವಗುಣಗಳನ್ನು ತಿಳಿಯಬೇಕು. ಒಂದು ಅಕ್ಷರ ಹೆಚ್ಚು ಕಡಿಮೆಯಾದರೆ ವಸ್ತುವೇ ಬೇರೆ!

ಮಳೆಯನ್ನೇ ನಂಬಿ ಬದುಕುವ ಯಲಬುರ್ಗಾ ತಾಲ್ಲೂಕಿನ ಬೇವೂರಿನಲ್ಲಿ ಒಬ್ಬ ತರುಣನಿಗೆ ಈ ಪರೀಕ್ಷೆ ಎದುರಾಯಿತು. ಕಡಲೆ ಮಾರಿ ಬಂದ ಹಣದಲ್ಲಿ ತಂದೆ 50,000 ರೂಪಾಯಿಗಳನ್ನು ತೆಗೆದಿರಿಸಿದ್ದರು. ಮಗನಿಗೆ ಆಟವಾಡಲು ತಕ್ಕ ಕಂಪ್ಯೂಟರು ಬೇಕಾಗಿತ್ತು. ತಂದೆಯದು ಒಂದೇ ಷರತ್ತು: ಪದವಿ ಓದುತ್ತಿರುವ ತಂಗಿಯ ಅಭ್ಯಾಸಕ್ಕೂ ಅದೇ ಯಂತ್ರ ಒದಗಬೇಕು. ಮುಂದಿನ ಫಸಲಿನವರೆಗೆ ಇನ್ನೊಂದು ರೂಪಾಯಿಯೂ ಹುಟ್ಟುವಂತಿರಲಿಲ್ಲ. ಆಯ್ಕೆ ತಪ್ಪಿದರೆ ತಿದ್ದಿಕೊಳ್ಳಲು ಅವಕಾಶವೂ ಇರಲಿಲ್ಲ.

ಅಂಥ ಯಂತ್ರದಲ್ಲಿ ಪ್ರೊಸೆಸರಿನ ಕೆಲಸವಾದರೂ ಏನು? ಪರದೆಯ ಮೇಲೆ ಓಡುವ ಆಟವೆಂಬುದು ಒಂದರ ಹಿಂದೊಂದು ಬರುವ ಚಿತ್ರಗಳ ಸಾಲು. ಸೆಕೆಂಡಿಗೆ 60 ಚಿತ್ರಗಳು ಬರಬೇಕಾದರೆ ಒಂದೊಂದಕ್ಕೂ ದೊರೆಯುವ ಕಾಲ ಸುಮಾರು 16.7 ಮಿಲಿಸೆಕೆಂಡು ಮಾತ್ರ. ಅಷ್ಟರೊಳಗೆ ಯಾರು ಎಲ್ಲಿ ನಿಂತಿದ್ದಾರೆ, ಗುಂಡು ಎತ್ತ ಹೋಯಿತು, ಬಾಗಿಲು ತೆರೆದಿದೆಯೋ ಇಲ್ಲವೋ ಎಂಬ ಲೆಕ್ಕವನ್ನೆಲ್ಲ ಪ್ರೊಸೆಸರು ಮುಗಿಸಬೇಕು. ಆ ಲೆಕ್ಕಕ್ಕೆ ರೂಪ, ಬಣ್ಣ, ಬೆಳಕು, ನೆರಳು ತುಂಬುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸ. ಇಬ್ಬರಲ್ಲಿ ಒಬ್ಬ ಹಿಂದೆ ಬಿದ್ದರೂ ಇನ್ನೊಬ್ಬ ಕಾದು ಕುಳಿತಿರಬೇಕಾದೀತು.

ತರುಣನ ಮನಸ್ಸು ಮೊದಲು ಹರಿದದ್ದು ಎಂಟು ಕೋರುಗಳ ಪ್ರೊಸೆಸರಿನ ಕಡೆಗೆ. ಕೋರುಗಳು ಹೆಚ್ಚಿದಷ್ಟೂ ಆಟ ಚೆನ್ನಾದೀತೆಂಬುದು ಅವನ ಎಣಿಕೆ. ಆದರೆ ಅದನ್ನು ಕೊಂಡ ಮೇಲೆ ಕಾರ್ಡಿಗೆ ಉಳಿಯುವ ಹಣದಲ್ಲಿ ಹಳೆಯದೊಂದು ಬಡಕಲು ಕಾರ್ಡು ಬಿಟ್ಟರೆ ಬೇರೇನೂ ಬರುವಂತಿರಲಿಲ್ಲ. ಕಾಗದದ ಮೇಲಿನ ಲೆಕ್ಕವನ್ನು ಕೇಳುತ್ತ ಕುಳಿತಿದ್ದ ತಂದೆ ಹೇಳಿದರು:

"ತಮ್ಮಾ, ಒಂದು ಎತ್ತು ಜೋರೈತಿ, ಇನ್ನೊಂದು ಸಣಕಲೈತಿ ಅಂದ್ರ ಗಳೇವು ಹೆಂಗ ಸಾಗತೈತೋ?"

ಕಂಪ್ಯೂಟರಿನ ಒಳಗನ್ನು ಒಮ್ಮೆಯೂ ಕಾಣದ ಆ ರೈತರ ಮಾತಿನಲ್ಲಿ ವಿಷಯದ ತಿರುಳೇ ಇತ್ತು. ಆಟದ ಯಂತ್ರದಲ್ಲಿ ಹಣದ ದೊಡ್ಡ ಪಾಲು ಕಾರ್ಡಿಗೆ ಸಲ್ಲಬೇಕು. ಪ್ರೊಸೆಸರು ಅದಕ್ಕೆ ಹೆಜ್ಜೆ ಹೊಂದಿಸುವಷ್ಟಿದ್ದರೆ ಸಾಕು. ಎಂಟು ಕೋರುಗಳ ಆಸೆ ಅಲ್ಲಿಗೆ ಅಳಿಯಿತು.

ಉಳಿದವು ಮೂರು. 2022ರ ಜನವರಿಯಲ್ಲಿ ಬಂದ ಇಂಟೆಲ್ ಕೋರ್ ಐ3 12100ಎಫ್: ನಾಲ್ಕು ಕೋರು, ಎಂಟು ಥ್ರೆಡ್ಡು, ಕಡಿಮೆ ಬೆಲೆಗೆ ಚುರುಕಾದ ಕೆಲಸಗಾರ. ಅದೇ ವರ್ಷದ ಏಪ್ರಿಲಿನಲ್ಲಿ ಬಂದ ಎಎಂಡಿ ರೈಜೆನ್ 5 5600: ಆರು ಕೋರು, ಹನ್ನೆರಡು ಥ್ರೆಡ್ಡು, 32 ಎಂಬಿ ಕ್ಯಾಶೆ. ಮೂರನೆಯದು 2021ರ ರೈಜೆನ್ 5 5600ಜಿ. ಕೋರು ಥ್ರೆಡ್ಡುಗಳು ಅದಕ್ಕೂ ಅಷ್ಟೇ. ಕ್ಯಾಶೆ ಮಾತ್ರ ಅರ್ಧ, 16 ಎಂಬಿ. ಆದರೆ ಹೆಸರಿನ ಕೊನೆಗಿರುವ 'ಜಿ' ಎಂಬ ಅಕ್ಷರದ ಅರ್ಥ, ಚಿತ್ರ ಬಿಡಿಸುವ ಶಕ್ತಿಯೂ ಅದರ ಒಡಲಲ್ಲೇ ಇದೆ ಎಂಬುದು. ಇಂಟೆಲಿನ 'ಎಫ್' ಅಕ್ಷರ ಅದಕ್ಕೆ ತದ್ವಿರುದ್ಧ: ಆ ಶಕ್ತಿ ಇಲ್ಲವೆಂಬುದರ ಗುರುತು. ಬರಿಯ 5600ರಲ್ಲಿಯೂ ಅದಿಲ್ಲ.

ಆಟದ ದೃಷ್ಟಿಯಿಂದ ನೋಡಿದರೆ ಮೊದಲೆರಡರಲ್ಲಿ ಒಂದನ್ನು ಕೊಂಡು, ಉಳಿದ ಹಣಕ್ಕೆ ಯಾರೋ ಬಳಸಿ ಬಿಟ್ಟ ಕಾರ್ಡೊಂದನ್ನು ಹುಡುಕುವುದೇ ಜಾಣತನ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳ ಸಮೀಪದಲ್ಲಿರುವವನು ಹಾಗೆಯೇ ಮಾಡಿಯಾನು. ಕಾರ್ಡು ಕೆಟ್ಟರೆ ಸಂಜೆಯೊಳಗೆ ಇನ್ನೊಂದನ್ನು ತಂದಾನು. ಬೇವೂರಿನಲ್ಲಿ ಅದು ಸಾಧ್ಯವೆ? ತಂದೆ ಕೇಳಿದ ಎರಡನೆಯ ಪ್ರಶ್ನೆಯೂ ಅದೇ ಆಗಿತ್ತು.

"ಆ ಕಾರ್ಡು ಕೆಟ್ಟ ದಿನ ಏನಾಗತೈತಿ?"

"ಪರದೆ ಹತ್ತೂದ ಇಲ್ಲ, ಯಪ್ಪಾ."

"ಮತ್ತ ತಂಗಿ ಹೆಂಗ ಓದಬೇಕು?"

ಮಗನಲ್ಲಿ ಉತ್ತರವಿರಲಿಲ್ಲ. ತಂಗಿ ಏನನ್ನೂ ಕೇಳಿರಲಿಲ್ಲ. ತನಗೂ ಪಾಲಿದೆಯೆಂದು ತಿಳಿದಂದಿನಿಂದ ಮೇಜಿನ ಒಂದು ಮೂಲೆಯನ್ನು ಒರೆಸಿ, ತನ್ನ ಪುಸ್ತಕಗಳನ್ನು ಅಲ್ಲಿ ಜೋಡಿಸಿಟ್ಟಿದ್ದಳು. ಆ ಪುಸ್ತಕಗಳ ಸಾಲು ಮಗನ ಕಣ್ಣಿಗೆ ಬಿದ್ದಿತು.

ಆ ರಾತ್ರಿ ಅವನು ಪಟ್ಟಿಯನ್ನು ಹೊಸದಾಗಿ ಬರೆದನು. ಪ್ರೊಸೆಸರು 5600ಜಿ. ಇದು ತನ್ನ ಚಿತ್ರಶಕ್ತಿಗೆ ಬೇಕಾದ ನೆನಪನ್ನು ಯಂತ್ರದ ರ‍್ಯಾಮಿನಿಂದಲೇ ಕಡ ಪಡೆಯುವುದರಿಂದ, 16 ಜಿಬಿಯ ಒಂದೇ ಪಟ್ಟಿಯ ಬದಲು 8 ಜಿಬಿಯ ಎರಡು ಪಟ್ಟಿಗಳನ್ನು ಗೊತ್ತುಮಾಡಿದನು. ಎರಡು ಕಾಲುವೆಗಳಲ್ಲಿ ಹರಿದ ನೀರು ಹೊಲವನ್ನು ಬೇಗ ಮುಟ್ಟುವುದಲ್ಲವೆ? 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮಿನ ಬೆಲೆ ಜಗತ್ತಿನಾದ್ಯಂತ ಏರಿದ್ದರಿಂದ ಆ ಸಾಲಿಗೆ ನಿರೀಕ್ಷೆಗಿಂತ ಹೆಚ್ಚಿನ ಹಣ ಹೋಯಿತು. 2022ರಲ್ಲಿ ಬಂದ ಎಎಂ5 ಎಂಬ ಹೊಸ ಸಾಕೆಟ್ಟಿಗೆ ಡಿಡಿಆರ್5 ರ‍್ಯಾಮೇ ಬೇಕು. ಆದುದರಿಂದ ಹಳೆಯ ಎಎಂ4 ಮದರ್‌ಬೋರ್ಡಿಗೇ ತೃಪ್ತಿಪಟ್ಟನು. ವಿದ್ಯುತ್ತು ಪೂರೈಸುವ ಎಸ್‌ಎಂಪಿಎಸ್ಸಿನಲ್ಲಿ ಮಾತ್ರ ಜಿಪುಣತನ ತೋರಲಿಲ್ಲ. ಮುಂದೆ ಕಾರ್ಡು ಬಂದಾಗ ಅದರ ಭಾರವನ್ನೂ ಅದು ಹೊರಬೇಕು. ಪ್ರೊಸೆಸರಿನ ವಿದ್ಯುತ್ ಮಾನ 65 ವ್ಯಾಟ್. ಕಾರ್ಡಿಲ್ಲದ ಯಂತ್ರದ ಹಸಿವು ಕಡಿಮೆ. ಕರೆಂಟು ಹೋದಾಗ ಬರೆಯುತ್ತಿದ್ದುದನ್ನು ಉಳಿಸಿಕೊಳ್ಳುವಷ್ಟು ಹೊತ್ತು ಸಣ್ಣ ಯುಪಿಎಸ್ಸೊಂದು ಅದನ್ನು ತಡೆದೀತು.

ಕಳೆದುಕೊಂಡದ್ದು ಇಲ್ಲವೆಂದಲ್ಲ. ವ್ಯಾಲೊರಂಟಿನಂಥ ಹಗುರವಾದ ಆಟಗಳು ಈ ಯಂತ್ರದಲ್ಲಿ ಸಲೀಸಾಗಿ ಓಡುವುವು. 2020ರ ಸೈಬರ್‌ಪಂಕ್ 2077ರಂಥ ಭಾರಿ ಆಟಗಳಿಗೆ ಚಿತ್ರದ ಗಾತ್ರವನ್ನೂ ಸೊಬಗನ್ನೂ ತಗ್ಗಿಸಬೇಕು. ಅರ್ಧ ಕ್ಯಾಶೆಯ ಕಾರಣ, ನಾಳೆ ಒಳ್ಳೆಯ ಕಾರ್ಡು ಬಂದರೂ ಬರಿಯ 5600ರಷ್ಟು ವೇಗ ಇದಕ್ಕೆ ದಕ್ಕದು. ವರ್ಷದಿಂದ ಕನಸು ಕಂಡಿದ್ದ ಆಟವನ್ನು ಮಗ ಇನ್ನೊಂದು ವರ್ಷ ಮುಂದಕ್ಕೆ ಹಾಕಿದ್ದನು. ಅದನ್ನು ಅವನು ಯಾರೊಡನೆಯೂ ಹೇಳಲಿಲ್ಲ.

ಬೆಳಿಗ್ಗೆ ಪಟ್ಟಿಯನ್ನು ತಂದೆಯ ಮುಂದೆ ಓದಿದನು. ಕೊನೆಯ ಸಾಲಿನಲ್ಲಿ 'ಗ್ರಾಫಿಕ್ಸ್ ಕಾರ್ಡು' ಎಂದಿತ್ತು. ಎದುರಿಗೆ ಬೆಲೆಯ ಜಾಗ ಖಾಲಿ. ಅಲ್ಲೇನು ಬರೆಯಬೇಕೆಂದು ಮಗ ಕೇಳಿದಾಗ ತಂದೆ ಅಂಗಳದಾಚೆಯ ಆಕಾಶವನ್ನೊಮ್ಮೆ ನೋಡಿ ಹೇಳಿದರು:

"ಮಳಿ ನೋಡಿ, ಅಂತ ಬರಿ."