ಕನ್ನಡದ ಗಿಳಿ

2025ರ ಜುಲೈ 14ರಂದು ಬಿ. ಸರೋಜಾದೇವಿಯವರು ತೀರಿಕೊಂಡ ಸುದ್ದಿಯನ್ನು ನನಗೆ ತಿಳಿಸಿದ್ದು ಎದುರು ಮನೆಯ ತಮಿಳು ಅಜ್ಜಿ. "ನಿಮ್ಮ ಕಡೆಯ ಹೆಣ್ಣುಮಗಳಲ್ಲವೇ?" ಎಂದು ನನ್ನ ಕೈ ಹಿಡಿದುಕೊಂಡರು, ನಮ್ಮ ಮನೆಯಲ್ಲೇ ಸಾವಾಗಿದೆಯೇನೋ ಎಂಬಂತೆ.

ಮಕ್ಕಳೇ, ಕೋಡಂಬಾಕ್ಕಂನಲ್ಲಿ ಬೆಳೆದ ನಿಮಗೆ ಅವರು ಹಳೆಯ ಹಾಡುಗಳ ನಟಿ, ಅಷ್ಟೆ. ಆಗ ಕನ್ನಡ ಚಿತ್ರಗಳೂ ಬಹುಪಾಲು ಇಲ್ಲಿಯ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದವು. 1955ರಲ್ಲಿ 'ಮಹಾಕವಿ ಕಾಳಿದಾಸ'ದಿಂದ ಬಂದವರು, 1958ರಲ್ಲಿ ಎಂ.ಜಿ.ಆರ್. ಅವರ 'ನಾಡೋಡಿ ಮನ್ನನ್'ನಿಂದ ತಮಿಳರ ಮನೆಮಾತಾದರು. 1961ರ 'ಕಿತ್ತೂರು ಚೆನ್ನಮ್ಮ'ನೂ ಅವರೇ. ಅವರ ತಮಿಳು ಮುದ್ದುಮುದ್ದು, ಕನ್ನಡದ ಸೊಗಡು ಹೋಗಲೇ ಇಲ್ಲ. ತಮಿಳರು ಅವರನ್ನು ಕರೆದದ್ದು 'ಕನ್ನಡತ್ತು ಪೈಂಗಿಳಿ' ಎಂದು. ಕನ್ನಡದ ಹಸಿರು ಗಿಳಿ!

ನಾನೋ, ಶಾಲೆಗೆ ಹೋಗುವಾಗ ಬಸ್ಸಿನಲ್ಲಿ ಅಮ್ಮ ಕನ್ನಡದಲ್ಲಿ ಕರೆದರೆ ಕೇಳಿಸದವಳಂತೆ ಕಿಟಕಿಯಾಚೆ ನೋಡುತ್ತಿದ್ದೆ. ಅಮ್ಮ ಬೈಯಲಿಲ್ಲ. ಬರಬರುತ್ತಾ ಬಸ್ಸಿನಲ್ಲಿ ಮಾತಾಡುವುದನ್ನೇ ಬಿಟ್ಟಳು. ಈಗ ಕ್ಷಮೆ ಕೇಳೋಣವೆಂದರೆ ಅವಳೂ ಇಲ್ಲ.

ಮರುದಿನ ಚನ್ನಪಟ್ಟಣದ ಬಳಿಯ ದಶವಾರದಲ್ಲಿ ಸರೋಜಾದೇವಿಯವರನ್ನು ಮಣ್ಣು ಮಾಡುವುದನ್ನು ಅಜ್ಜಿಯೂ ನಾನೂ ನಮ್ಮ ಮನೆಯ ಟಿ.ವಿ.ಯಲ್ಲಿ ನೋಡಿದೆವು. ಊರವರು ಕನ್ನಡದಲ್ಲಿ ಹೇಳುತ್ತಿದ್ದುದನ್ನೆಲ್ಲ ನಾನು ಒಂದೊಂದಾಗಿ ತಮಿಳಿನಲ್ಲಿ ಅಜ್ಜಿಗೆ ಹೇಳುತ್ತಾ ಹೋದೆ.