ಊರು ಬಿಡುವ ಮಾತನ್ನು ಧಣಿಗೆ ಎಂದು ಹೇಳಬೇಕು?

ನಮ್ಮ ಫಳ್ನೀರಿನಲ್ಲಿ ಒಬ್ಬರನ್ನಾದರೂ ಪರದೇಶಕ್ಕೆ ಕಳುಹಿಸದ ಮನೆ ಅಪರೂಪ. ಹಿಂದಿನವರು ಹಳೆಯ ಬಂದರಿನಲ್ಲಿ ಹಡಗು ಹತ್ತಿ ಮುಂಬಯಿಗೆ ಹೋದರು. ಅವರ ಮಕ್ಕಳು ಮುಂಬಯಿಯಿಂದ ಕುವೈತು, ಬಹರೈನು, ದುಬಾಯಿಗಳಿಗೆ ಹೋದರು. 2006ರಲ್ಲಿ ಬಜಪೆಯಿಂದಲೇ ದುಬಾಯಿಗೆ ವಿಮಾನ ಹೊರಡತೊಡಗಿದ ಮೇಲೆ ಮುಂಬಯಿಯ ಹಂಗೂ ತಪ್ಪಿತು. ಈಗ ಐರ್ಲೆಂಡು, ಜರ್ಮನಿ, ಇಂಗ್ಲೆಂಡುಗಳಿಂದ ನಮ್ಮ ದಾದಿಯರಿಗೆ ಕರೆ ಬರುತ್ತಿದೆ. ಹೋಗಬೇಕೇ ಬೇಡವೇ ಎಂಬ ವಿಷಯದಲ್ಲಿ ಮನೆಮನೆಗಳಲ್ಲಿ ಬೇಕಾದಷ್ಟು ಚರ್ಚೆ ನಡೆಯುತ್ತದೆ. ಆದರೆ ಇಂದು ಸಂಬಳ ಕೊಡುತ್ತಿರುವ ಧಣಿಗೆ ಆ ಮಾತನ್ನು ಎಂದು ತಿಳಿಸತಕ್ಕದ್ದು ಎಂಬುದನ್ನು ವಿಚಾರಿಸುವವರು ವಿರಳ. ಅದು ಕಡೆಯ ಗಳಿಗೆಯ ಸಣ್ಣ ಕೆಲಸವೆಂದು ಎಲ್ಲರ ಭಾವನೆ.

ನಮಗೆ ಹಾಗೆ ತೋರುವುದಿಲ್ಲ. ಮೂವತ್ತು ವರುಷಗಳಿಗೂ ಮಿಕ್ಕಿ ಸಂಸ್ಕೃತ ಕಲಿಸಿ ನಿವೃತ್ತರಾದ ಮೇಲೆ, ಹಳೆಯ ಶಿಷ್ಯರು ರಾಜೀನಾಮೆಯ ಕಾಗದ ಬರೆಯಿಸಿಕೊಳ್ಳಲು ನಮ್ಮಲ್ಲಿಗೆ ಬರುವುದು ವಾಡಿಕೆಯಾಗಿದೆ. ಭಾಷೆಯನ್ನು ತಿದ್ದುವುದಕ್ಕೆ ಹೆಚ್ಚು ಹೊತ್ತು ಬೇಡ. ಎಲ್ಲರೂ ತಡೆದು ನಿಲ್ಲುವುದು ಒಂದೇ ಕಡೆಯಲ್ಲಿ: “ಸರ್, ತಾರೀಕು ಏನೆಂದು ಹಾಕಲಿ?”

ಈ ತಾರೀಕಿನ ಭಾರವನ್ನು ನಾವು ಮೊದಲು ಕಂಡದ್ದು ನಾವು ದುಡಿದ ಒಂದು ಶಾಲೆಯಲ್ಲಿ. ಅಲ್ಲಿ ವಿಜ್ಞಾನ ಕಲಿಸುತ್ತಿದ್ದ ಉಪಾಧ್ಯಾಯಿನಿಯೊಬ್ಬರು, ತಾವು ಏಪ್ರಿಲಿನಲ್ಲಿ ಗಂಡನಿದ್ದ ಊರಿಗೆ ಹೋಗುವವರೆಂದು ಅಕ್ಟೋಬರಿನಲ್ಲಿಯೇ ಆಡಳಿತದವರಿಗೆ ತಿಳಿಸಿದರು. ಮಕ್ಕಳಿಗೆ ತೊಂದರೆಯಾಗಬಾರದೆಂಬುದು ಅವರ ಉದ್ದೇಶ. ಆಡಳಿತದವರು ಆ ತಿಂಗಳ ಕೊನೆಗೇ ಬೇರೊಬ್ಬರನ್ನು ನೇಮಿಸಿಕೊಂಡು ಇವರನ್ನು ಬಿಡುಗಡೆ ಮಾಡಿದರು. ವೀಸಾ ಬರಲಿಲ್ಲ. ಆ ವರುಷವಿಡೀ ಅವರು ಮನೆಪಾಠ ಹೇಳಿ ಕಾಲ ತಳ್ಳಬೇಕಾಯಿತು. ಇದನ್ನು ಕಣ್ಣಾರೆ ನೋಡಿದ್ದ ಗಣಿತದ ಮಾಸ್ತರರು, ಮುಂದೆ ತಮಗೆ ಮಸ್ಕತಿನಿಂದ ಕರೆ ಬಂದಾಗ ಬಾಯಿ ಬಿಡಲೇ ಇಲ್ಲ. ಜನವರಿಯ ಒಂದು ಶುಕ್ರವಾರ ಕಾಗದ ಕೊಟ್ಟು, ಸೋಮವಾರ ವಿಮಾನ ಹತ್ತಿದರು. ವೀಸಾ ನವೆಂಬರಿನಲ್ಲಿಯೇ ಕೈ ಸೇರಿತ್ತೆಂದು ಆಮೇಲೆ ತಿಳಿಯಿತು. ಹತ್ತನೆಯ ತರಗತಿಯ ಮಕ್ಕಳಿಗೆ ಪರೀಕ್ಷೆಗೆ ಉಳಿದಿದ್ದುದು ಎರಡೇ ತಿಂಗಳು. ನಿವೃತ್ತರಾದ ಒಬ್ಬ ವೃದ್ಧರು ಊರುಗೋಲು ಹಿಡಿದು ಬಂದು ಪಾಠವನ್ನು ಮುಗಿಸಿಕೊಟ್ಟರು.

ಈ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಿದರೆ ಒಂದರಲ್ಲಿ ಧಣಿಯ ತಪ್ಪು, ಇನ್ನೊಂದರಲ್ಲಿ ಆಳಿನ ತಪ್ಪು. ಒಟ್ಟಿಗೆ ನೋಡಿದರೆ ಮೊದಲನೆಯದೇ ಎರಡನೆಯದನ್ನು ಹೆತ್ತಿತು. ಸತ್ಯ ಹೇಳಿದವರನ್ನು ದಂಡಿಸುವ ಮನೆಯಲ್ಲಿ ಸತ್ಯವು ಕಡೆಯ ದಿನದವರೆಗೆ ಅಡಗಿ ಕುಳಿತಿರುತ್ತದೆ. ಅದರ ಫಲವನ್ನು ಉಂಡವರು ಮಾತ್ರ ಧಣಿಯೂ ಅಲ್ಲ, ಆಳೂ ಅಲ್ಲ, ಮಕ್ಕಳು.

ಮುಂಚಿತವಾಗಿ ಹೇಳಲು ಅಂಜುವವರ ಅಂಜಿಕೆ ಬರಿಯ ಭ್ರಮೆಯಲ್ಲ. ಪರದೇಶದ ಉದ್ಯೋಗವೆಂಬುದು ಕಾಗದಗಳ ಒಂದು ಏಣಿ. ದಾದಿಯೊಬ್ಬಳಿಗೆ ಇಂಗ್ಲಿಷ್ ಪರೀಕ್ಷೆ, ಆ ದೇಶದ ನರ್ಸಿಂಗ್ ಮಂಡಳಿಯ ಒಪ್ಪಿಗೆ, ಆಸ್ಪತ್ರೆಯ ನೇಮಕಪತ್ರ, ಉದ್ಯೋಗದ ಪರವಾನಿಗೆ, ಕೊನೆಗೆ ವೀಸಾ; ಯಾವ ಮೆಟ್ಟಿಲು ಮುರಿದರೂ ಮರಳಿ ನೆಲಕ್ಕೆ. ಕಾಗದಗಳೆಲ್ಲ ಸರಿಯಾಗಿದ್ದರೂ ಕಾಲವೇ ಅಡ್ಡ ಬರುವುದುಂಟು. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯವು ಕುವೈತನ್ನು ಹೊಕ್ಕಾಗ, ಅಲ್ಲಿದ್ದ ನಮ್ಮವರು ಉಟ್ಟ ಬಟ್ಟೆಯಲ್ಲಿ ಮರಳಿದರು. ಅಲ್ಲಿಗೆ ಹೊರಟು ನಿಂತಿದ್ದವರ ನೇಮಕಪತ್ರಗಳು ಬರಿಯ ಕಾಗದವಾದುವು. 2020ರ ಮಾರ್ಚಿ ತಿಂಗಳಲ್ಲಿ ನಿಂತುಹೋದ ಅಂತಾರಾಷ್ಟ್ರೀಯ ವಿಮಾನಗಳ ನಿಯತ ಸಂಚಾರವು ಪುನಃ ಆರಂಭವಾದುದು 2022ರ ಮಾರ್ಚಿ 27ರಂದು. ನಡುವೆ ವಿಶೇಷ ವಿಮಾನಗಳೇ ಗತಿ. ಆ ಮಾರ್ಚಿಗೆ ಮೊದಲು ಇಲ್ಲಿನ ಕೆಲಸ ಬಿಟ್ಟು, ವೀಸಾಕ್ಕಾಗಿ ಕಾದು ಕುಳಿತವರ ಗತಿಯನ್ನು ವಾಚಕರೇ ಊಹಿಸಿಕೊಳ್ಳಬಹುದು. ಮನೆಯಲ್ಲಿ ತಾಯಿಗೆ ಔಷಧ, ಬ್ಯಾಂಕಿಗೆ ಸಾಲದ ಕಂತು ಇರುವವಳಿಗೆ “ಧೈರ್ಯವಾಗಿ ಮೊದಲೇ ಹೇಳಿಬಿಡು” ಎನ್ನುವುದು ದಡದಲ್ಲಿ ನಿಂತವರ ಉಪದೇಶ.

ಹಾಗಾದರೆ ಶಾಸ್ತ್ರವೇನು ಹೇಳುತ್ತದೆ? ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಓಲೆಯ ಪ್ರತಿಯಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಭೃತ್ಯರ ವಿಷಯವಾಗಿ ಒಂದು ಪ್ರಕರಣವಿದೆ. ಸಂಬಳ ಪಡೆದು ಕೆಲಸ ಮಾಡದ ಆಳಿಗೆ ಹನ್ನೆರಡು ಪಣ ದಂಡ. ಒಪ್ಪಿದ ಮೇಲೆ ಕೆಲಸ ಮಾಡಿಸದ ಒಡೆಯನಿಗೂ ಅದೇ ಹನ್ನೆರಡು ಪಣ. ರೋಗ ಅಥವಾ ಆಪತ್ತು ಬಂದ ಆಳಿಗೆ ವಿನಾಯಿತಿ ಉಂಟು. ಅವನು ಆ ಕೆಲಸವನ್ನು ಬೇರೊಬ್ಬನಿಂದ ಮಾಡಿಸಲೂಬಹುದು. ಇದರಲ್ಲಿ ನಮಗೆ ಮುಖ್ಯವಾಗಿ ಕಾಣುವುದು ಎರಡು: ಋಣವು ಇಬ್ಬರ ಮೇಲೂ ಸಮನಾಗಿದೆ, ಮತ್ತು ಆಳು ಹೋದರೂ ಕೆಲಸವು ಅನಾಥವಾಗಬಾರದು.

ಇಂದಿನ ಕಾಯಿದೆಯನ್ನೂ ತಿಳಿದಿರಬೇಕು. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿ, 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾದ ವಿಜಯಾ ಬ್ಯಾಂಕಿನ ಒಂದು ವ್ಯಾಜ್ಯ ಇದಕ್ಕೆ ನಿದರ್ಶನ. ಮೂರು ವರುಷ ತುಂಬುವ ಮೊದಲು ಬಿಟ್ಟರೆ ಎರಡು ಲಕ್ಷ ರೂಪಾಯಿ ತೆರಬೇಕೆಂಬ ಷರತ್ತಿಗೆ ರುಜು ಹಾಕಿದ್ದ ಅಧಿಕಾರಿಯೊಬ್ಬರು 2009ರಲ್ಲಿ ಬೇರೆ ಬ್ಯಾಂಕಿಗೆ ಹೋದರು. ಹಣವನ್ನು ಆಕ್ಷೇಪದೊಡನೆ ಕಟ್ಟಿ, ನ್ಯಾಯಾಲಯದ ಮೊರೆ ಹೊಕ್ಕರು. ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ಅವರಿಗೆ ಜಯವಾಯಿತು. 2025ರ ಮೇ 14ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ತಿರುಗಿಸಿ, ಷರತ್ತು ಊರ್ಜಿತವೆಂದಿತು. ಹಾಗೆಯೇ ಕಾಯಂ ನೌಕರರಿಗೆ ಗ್ರಾಚ್ಯುಯಿಟಿ ಸಲ್ಲಬೇಕಾದರೆ ಸಾಮಾನ್ಯವಾಗಿ ಐದು ವರುಷದ ಸೇವೆ ಬೇಕೆಂಬ ನಿಯಮವಿದೆ. ಆದುದರಿಂದ ರಾಜೀನಾಮೆಯ ಕಾಗದವನ್ನು ಬರೆಯುವ ಮೊದಲು ನೇಮಕದ ಕಾಗದವನ್ನು ಪುನಃ ಓದಬೇಕು. ಐದನೆಯ ವರುಷದ ಹೊಸ್ತಿಲಲ್ಲಿರುವವರು ದಿನಗಳನ್ನು ಎಣಿಸಿ ನೋಡುವುದು ಲೋಭವಲ್ಲ, ವಿವೇಕ.

ಆದರೆ ನೇಮಕದ ಕಾಗದವು ಹೇಳುವುದು ಕಡಿಮೆಯೆಂದರೆ ಎಷ್ಟು ದಿನ ಮುಂಚಿತವಾಗಿ ತಿಳಿಸಬೇಕೆಂಬುದನ್ನು ಮಾತ್ರ. ಅಷ್ಟು ಸಾಕೇ ಎಂಬುದನ್ನು ಅದು ಹೇಳಲಾರದು. ಈ ಭೇದವನ್ನು ನಮಗೆ ಸ್ಪಷ್ಟ ಮಾಡಿಕೊಟ್ಟವಳು ನಮ್ಮ ತಂಗಿಯ ಮಗಳು. ಅವಳು ನಮ್ಮ ಮನೆಯಲ್ಲಿದ್ದುಕೊಂಡು ಒಂದು ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ದಾದಿಯಾಗಿದ್ದಳು. ಅವಳ ಓದಿನ ಸಾಲ ತೀರಿರಲಿಲ್ಲ. ತಾಯಿಗೆ ಅವಳೇ ಆಧಾರ. ಐರ್ಲೆಂಡಿನ ಆಸ್ಪತ್ರೆಯೊಂದರಿಂದ ನೇಮಕಪತ್ರ ಬಂದಿತ್ತು. ಇಲ್ಲಿ, ಹೊರಗೆ ಹೋಗುವವರೆಂದು ತಿಳಿದ ಕೂಡಲೆ ರಾತ್ರಿಪಾಳಿಗೆ ಹಾಕುವುದೂ ವಾರ್ಷಿಕ ಬಡ್ತಿಯನ್ನು ತಡೆಯುವುದೂ ನಡೆದುಬಂದ ಪದ್ಧತಿ. ಕರಾರಿನಂತೆ ಕೊಡಬೇಕಾದ ನೋಟೀಸು ಒಂದು ತಿಂಗಳು. ಹೊಸಬಳೊಬ್ಬಳು ಆ ಯಂತ್ರವನ್ನು ತಾನೊಬ್ಬಳೇ ನಡೆಸುವಷ್ಟು ಪಳಗುವುದಕ್ಕೆ ಎರಡು ತಿಂಗಳಾದರೂ ಬೇಕೆಂದು ಅವಳೇ ಹೇಳುತ್ತಿದ್ದಳು.

ಒಂದು ರಾತ್ರಿ ಊಟವಾದ ಮೇಲೆ ಕೇಳಿದಳು: “ಮಾವ, ಮೊದಲೇ ಹೇಳಿದರೆ ನನಗೆ ಕಷ್ಟ. ಕೊನೆಗೆ ಹೇಳಿದರೆ, ಸೋಮ ಬುಧ ಶುಕ್ರವಾರ ಬರುವ ಆ ಅಜ್ಜ ಯಾರ ಕೈಗೆ ಕೈ ಕೊಡಬೇಕು?”

ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆಯಂತೆ ಸೂಜಿ ಚುಚ್ಚಿಸಿಕೊಂಡು ಮಲಗುವ ವೃದ್ಧನವನು. ಇವಳಲ್ಲದೆ ಬೇರೆಯವರು ಸೂಜಿ ಹಿಡಿದರೆ ಮುಖ ತಿರುಗಿಸುತ್ತಿದ್ದನಂತೆ. ಧಣಿ, ಆಳು ಇಬ್ಬರ ಕರಾರಿನಲ್ಲಿಯೂ ಅವನ ಹೆಸರಿಲ್ಲ. ಆದರೆ ಲೆಕ್ಕ ಹಾಕಬೇಕಾದದ್ದು ಅವನಿಂದ ಎಂದು ನಮಗೆ ಆಗ ಹೊಳೆಯಿತು.

ನಾವು ಹೇಳಿದೆವು: “ಮಗಳೇ, ವೀಸಾ ಕೈಗೆ ಬರುವ ತನಕ ನೀನು ಹೋಗುವವಳಲ್ಲ, ಪ್ರಯತ್ನಿಸುವವಳು. ಪ್ರಯತ್ನ ನಿನ್ನ ಸ್ವಂತದ್ದು, ಅದನ್ನು ಸಾರಬೇಕಾಗಿಲ್ಲ. ವೀಸಾ ಬಂದ ಮರುದಿನ ಆ ಮಾತು ನಿನ್ನೊಬ್ಬಳದಲ್ಲ. ಟಿಕೇಟು ಕೊಳ್ಳುವ ಮೊದಲು ಹೋಗಿ ಹೇಳು. ಒಂದು ತಿಂಗಳಲ್ಲ, ಅಜ್ಜನಿಗೆ ಬೇಕಾದಷ್ಟು ದಿನ ಕೊಡು.”

ಹಾಗೆಯೇ ಮಾಡಿದಳು. ಅನುಭವದ ಪ್ರಮಾಣಪತ್ರ ಕೇಳಿದಾಗ ಮುಖ್ಯ ದಾದಿಯವರು, ಹೊರಗೆ ಹೋಗುತ್ತೀಯೋ ಎಂದು ವಿಚಾರಿಸಿದ್ದರು. ಪ್ರಯತ್ನವಿದೆ, ನಿಶ್ಚಯವಿಲ್ಲ ಎಂದು ಇದ್ದುದನ್ನು ಇದ್ದ ಹಾಗೆಯೇ ಹೇಳಿದ್ದಳು. ವೀಸಾ ಬಂದ ಮರುದಿನ ಬೆಳಿಗ್ಗೆ, ನೆರೆಹೊರೆಗೆ ತಿಳಿಯುವ ಮೊದಲು, ಅವರ ಎದುರಿಗೆ ನಿಂತು ತಿಳಿಸಿ, ಆಮೇಲೆ ಕಾಗದ ಕೊಟ್ಟಳು. ಒಂದು ತಿಂಗಳು ತಡವಾಗಿ ಸೇರಿಕೊಳ್ಳುವೆನೆಂದು ಐರ್ಲೆಂಡಿಗೆ ಬರೆದಳು, ಅವರು ಒಪ್ಪಿದರು. ಇಲ್ಲಿಯ ಆಡಳಿತದವರು ಮಾತ್ರ ಆ ವರುಷದ ಬಡ್ತಿಯನ್ನು ಕೊಡಲಿಲ್ಲ, ಮೂರು ವಾರ ರಾತ್ರಿಪಾಳಿಯನ್ನೂ ಹಾಕಿದರು. ಸತ್ಯಕ್ಕೆ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಉಳಿದ ವಾರಗಳಲ್ಲಿ ಇಬ್ಬರು ಹೊಸ ಹುಡುಗಿಯರು ಅವಳ ಪಕ್ಕದಲ್ಲಿ ನಿಂತು ಕಲಿತರು. ಅವಳು ಬಿಡುವ ಮುನ್ನ ಅಜ್ಜನು ಅವರಲ್ಲೊಬ್ಬಳಿಗೆ ತಾನಾಗಿಯೇ ಕೈ ನೀಡಿದನಂತೆ. ಆ ದಿನ ಅವಳು ಮನೆಗೆ ಬಂದು ಅತ್ತಳು; ಬಡ್ತಿ ತಪ್ಪಿದ ದಿನ ಅತ್ತಿರಲಿಲ್ಲ.

ಇದರಿಂದ ನಾವು ಕಂಡುಕೊಂಡ ನಿಯಮ ಇಷ್ಟು. ಕೆಲಸ ಸಿಗಬಹುದೆಂಬ ದಿನ ಹೇಳುವುದು ಅತಿ ಬೇಗ. ಟಿಕೇಟು ಕೊಂಡ ದಿನ ಹೇಳುವುದು ಅತಿ ತಡ. ಇವೆರಡರ ನಡುವೆ, ಹೋಗುವುದು ಸ್ಥಿರವಾಗಿ ಹೋಗುವ ದಿನ ಇನ್ನೂ ಸ್ಥಿರವಾಗದ ಒಂದು ಹೊತ್ತು ಇದೆ; ಅದೇ ಹೇಳತಕ್ಕ ಹೊತ್ತು. ನಡುವೆ ಯಾರಾದರೂ ನೇರವಾಗಿ ಕೇಳಿದರೆ ಸುಳ್ಳಾಡಕೂಡದು. ವಿದೇಶದವರು ಅನುಭವವನ್ನು ಹಳೆಯ ಧಣಿಗೇ ಬರೆದು ವಿಚಾರಿಸುವುದುಂಟು. ಒಂದು ಸುಳ್ಳು ಎರಡು ಸಮುದ್ರ ದಾಟಿ ಮುಂದೆ ಬಂದು ನಿಂತೀತು.

ಮನೆಯ ಹಿರಿಯರಿಗೂ ಒಂದು ಮಾತು. ಮಕ್ಕಳ ವೀಸಾದ ಸುದ್ದಿಯನ್ನು ಮದುವೆಯ ಚಪ್ಪರದಲ್ಲಿಯೋ ಅಂಗಡಿಯ ಮುಂದೆಯೋ ಹರಡುವವರು ಹೆಚ್ಚಾಗಿ ನಾವೇ. ಹೆಮ್ಮೆ ಸಹಜ. ಆದರೆ ಧಣಿಯ ಕಿವಿಗೆ ಆ ಸುದ್ದಿ ಮೂರನೆಯವರಿಂದ ಬಿದ್ದರೆ, ಮಗುವು ಎಷ್ಟು ಪ್ರಾಮಾಣಿಕವಾಗಿ ದಿನವನ್ನು ಆರಿಸಿದ್ದರೂ ಅದು ವ್ಯರ್ಥ. ಇನ್ನು ನಮ್ಮಲ್ಲಿ ನಾಲ್ಕು ಜನರಿಗೆ ಸಂಬಳ ಕೊಡುವ ಗೃಹಸ್ಥರೂ ಇದ್ದಾರೆ. ಹೋಗುತ್ತೇನೆಂದು ಮೊದಲೇ ಬಂದು ಹೇಳಿದವರನ್ನು ಅವರು ಗೌರವದಿಂದ ಕಳುಹಿಸಿಕೊಡಲಿ. ಅದನ್ನು ನೋಡುತ್ತಿರುವ ಮುಂದಿನವರು ತಮ್ಮ ಮಾತನ್ನು ಹೇಳುವ ದಿನವನ್ನು ಅಂದೇ ನಿರ್ಧರಿಸಿಕೊಳ್ಳುತ್ತಾರೆ.